ಎಲ್ಕಾನಾ ಥಾರ್ನ್ ಅವರ ಹೆಸರು ಯಾವ ಪಟ್ಟಿಯಲ್ಲಿತ್ತು

ಶ್ರೀಮತಿ ಹಲ್ದಾ ಥಾರ್ನ್ ಅವರೇ, ಅವರ ಇಬ್ಬರು ಹೆಣ್ಣುಮಕ್ಕಳೇ, ಈ ಚರ್ಚಿನ ಪಾದ್ರಿಗಳೇ, ಈಗಷ್ಟೇ ಮಾತು ಮುಗಿಸಿ ಕುಳಿತ ನ್ಯಾಯಾಧೀಶರೇ, ಕಾರ್ವರ್ಸ್ ಲ್ಯಾಂಡಿಂಗಿನ ಹಿರಿಯರೇ, ಮೇಲಿನ ಅಟ್ಟದಲ್ಲಿ ನಿಂತಿರುವ ನನ್ನ ಜನರೇ — ಎಲ್ಲರಿಗೂ ನಮಸ್ಕಾರ.

ನಾನು ಎನೋಸ್ ಪೆಟಿಫೋರ್ಡ್. ಥಾರ್ನ್ ಅವರ 'ರಿವರ್ ಬೀಕನ್' ಪತ್ರಿಕೆಗೆ ಹದಿಮೂರು ವರ್ಷ ಅಚ್ಚುಮೊಳೆ ಜೋಡಿಸಿದವನು. ಅವರು ಬರೆದರು, ನಾನು ಅಕ್ಷರ ಕೂಡಿಸಿದೆ. ನೀವು ಓದಿದ ಅವರ ಒಂದೊಂದು ಮಾತೂ ನಿಮ್ಮ ಕಣ್ಣಿಗೆ ಬೀಳುವ ಮೊದಲು ನನ್ನ ಬೆರಳಿನ ಕೆಳಗೆ ಹಾದುಹೋಗಿದೆ. ಈ ವೇದಿಕೆಯ ಮೇಲೆ ನಿಲ್ಲಲು ನನಗಿರುವ ಅರ್ಹತೆ ಇಷ್ಟೇ.

ಮಂಗಳವಾರ ಶ್ರೀಮತಿ ಥಾರ್ನ್ ನನ್ನ ಮನೆಗೆ ಬಂದು, ಗಂಡನ ಸಂತಾಪ ಸಭೆಯಲ್ಲಿ ಮಾತನಾಡಬೇಕು ಎಂದರು. ನಾನು ಆಗುವುದಿಲ್ಲ ಎಂದೆ. ಬರೀ ಒಳ್ಳೆಯದನ್ನೇ ಹೇಳಿ ಕೆಳಗಿಳಿಯಲು ನನ್ನಿಂದಾಗದು ಎಂದೆ. ಅವರು ಟೋಪಿಯ ದಾರ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದರು — "ಒಳ್ಳೇದು ಹೇಳೋಕೆ ಊರೆಲ್ಲಾ ಇದೆ ಎನೋಸ್. ನಿಜ ಹೇಳೋಕೆ ನೀನೊಬ್ಬನೇ ಇರೋದು." ಹಾಗಾಗಿ ಬಂದಿದ್ದೇನೆ. ನನ್ನ ಮಾತು ಯಾರಿಗಾದರೂ ನೋವು ತಂದರೆ ಶ್ರೀಮತಿ ಥಾರ್ನ್ ಅವರನ್ನು ದೂರಬೇಡಿ, ನನ್ನನ್ನು ದೂರಿ.

ನನಗಿಂತ ಮೊದಲು ಮಾತನಾಡಿದವರು ತೀರಿಕೊಂಡ ಥಾರ್ನ್ ಅವರನ್ನು ಸಿಂಹ ಎಂದರು. ಎಂದೂ ಬಾಗದ ಮನುಷ್ಯ ಎಂದರು. ಎರಡು ವಾರದ ಹಿಂದೆ ವಾಷಿಂಗ್ಟನ್ನಿನ ದೊಡ್ಡ ಕೋರ್ಟು, ನನ್ನ ಬಣ್ಣದವನಿಗೆ ಬಿಳಿಯರು ಮನ್ನಿಸಬೇಕಾದ ಹಕ್ಕು ಒಂದೂ ಇಲ್ಲ ಎಂದು ತೀರ್ಪು ಕೊಟ್ಟಿತಲ್ಲ — ಥಾರ್ನ್ ಅವರು ಹಾಸಿಗೆಯಿಂದ ಏಳುವಂತಿದ್ದರೆ ಅದರ ವಿರುದ್ಧ ಬೆಂಕಿಯಂತೆ ಬರೆಯುತ್ತಿದ್ದರು ಎಂದರು ನ್ಯಾಯಾಧೀಶರು. ನಿಜ. ಬರೆಯುತ್ತಿದ್ದರು. ಬರೆಯುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಮೊದಲು ನಾನು ಕಂಡ ಥಾರ್ನ್ ಅವರನ್ನು ಹೇಳುತ್ತೇನೆ.

ನದಿಯಾಚೆ, ಗುಲಾಮಗಿರಿಯಿರುವ ಕೆಂಟಕಿಯಲ್ಲಿ ನನ್ನ ಧಣಿ ಸಾಯುವಾಗ ಉಯಿಲು ಬರೆದು ನನ್ನನ್ನು ಬಿಡುಗಡೆ ಮಾಡಿದ್ದ. ನನ್ನ ಅಕ್ಕ ಕೆಜಾಯಾಳನ್ನು ಬಿಡಲಿಲ್ಲ, ಅವನ ತಂಗಿಯ ಪಾಲಿಗೆ ಹಾಕಿದ್ದ. ನಾನು ಒಬ್ಬನೇ ಓಹಾಯೋ ನದಿ ದಾಟಿ ಈ ದಡಕ್ಕೆ ಬಂದೆ. ಗುಲಾಮಗಿರಿಯನ್ನು ಒಪ್ಪದ ಕ್ವೇಕರ್ ಪಂಥದ ಜನ ಓದು ಕಲಿಸಿದರು. ಸಾವಿರದ ಎಂಟುನೂರ ನಲವತ್ತನಾಲ್ಕರ ವಸಂತದಲ್ಲಿ ಥಾರ್ನ್ ಅವರ ಬಾಗಿಲಿಗೆ ಹೋಗಿ, "ಕೆಲಸ ಇದೆಯಾ ಧಣಿ" ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಕೆಲಸ ಇದೆ. ಧಣಿ ಇಲ್ಲಿ ಯಾರೂ ಇಲ್ಲ. ಎಲ್ಕಾನಾ ಅನ್ನು" ಎಂದರು. ಹಾಗೆ ಕರೆಯಲು ನನ್ನ ನಾಲಿಗೆ ಕೊನೆಯವರೆಗೂ ಏಳಲಿಲ್ಲ. 'ಥಾರ್ನ್ ಅವರೇ' ಎಂಬಲ್ಲಿಗೆ ಇಬ್ಬರೂ ರಾಜಿಯಾದೆವು.

ಅವರ ಕೈಬರಹ — ಅಬ್ಬಾ, ಕೋಳಿ ಕೆದರಿದ ಹಾಗೆ. ಒಂದು ವಾಕ್ಯ ಶುರು ಮಾಡಿದರೆ ಕಾಗದದ ತುದಿ ಸಾಲದೆ ಅಂಚಿಗೆ ಹತ್ತಿ, ಅಲ್ಲಿಂದ ತಿರುಗಿ ಮೇಲಕ್ಕೆ ಹೋಗುತ್ತಿತ್ತು. ನಾನು ಕಾಗದವನ್ನು ಹೀಗೆ, ಹೀಗೆ ತಿರುಗಿಸುತ್ತಾ ಓದಬೇಕು. 'ಗುಲಾಮಗಿರಿ' ಎಂಬ ಮಾತಿಗೆ ಮೊದಲು ಅವರು ನಾಲ್ಕು ವಿಶೇಷಣ ಹಾಕುತ್ತಿದ್ದರು. ನಾನು ಮೂರನ್ನು ತೆಗೆದುಬಿಡುತ್ತಿದ್ದೆ. ಅವರು ಅಚ್ಚಾದದ್ದನ್ನು ಓದಿ, ನನ್ನ ಕಡೆ ನೋಡಿ, ಪೈಪು ಹಚ್ಚುತ್ತಿದ್ದರು. ಅವರು ಒಪ್ಪಿಕೊಳ್ಳುತ್ತಿದ್ದ ರೀತಿ ಅದು.

ನಲವತ್ತಾರರಲ್ಲಿ ಹಾಡಹಗಲೇ ದೋಣಿಕಟ್ಟೆಯ ಕಡೆಯಿಂದ ಐದು ಜನ ಬಂದರು. ಅಚ್ಚಿನ ಯಂತ್ರವನ್ನು ನದಿಗೆ ಎಸೆಯುತ್ತೇವೆ ಎಂದರು. ಥಾರ್ನ್ ಅವರು ಬಾಗಿಲಿಗೆ ಅಡ್ಡ ನಿಂತು, "ಧಾರಾಳವಾಗಿ ಎಸೀರಿ. ಆದ್ರೆ ಇದು ಎಂಟಾಳಿನ ಭಾರ, ನೀವು ಐದೇ ಜನ. ಹೋಗಿ ಇನ್ನೂ ಮೂರು ಜನಾನ ಕರ್ಕೊಂಡು ಬನ್ನಿ, ನಾನು ಕಾಯ್ತೀನಿ" ಎಂದರು. ಅವರಲ್ಲೇ ಇಬ್ಬರಿಗೆ ನಗು ಬಂತು. ನಗು ಬಾರದ ಒಬ್ಬ ಇಟ್ಟಿಗೆ ಬೀಸಿದ. ಇಲ್ಲಿ — ಅವರ ಎಡಗಿವಿಯ ಮೇಲೆ. ಆ ಕಿವಿ ಮತ್ತೆ ಕೇಳಿಸಲಿಲ್ಲ. ಆಮೇಲೆ ಹನ್ನೊಂದು ವರ್ಷ ನಾನು ಅವರ ಬಲಗಡೆಗೇ ನಿಂತು ಮಾತನಾಡಿದೆ.

ಇವರು ನನ್ನ ಥಾರ್ನ್. ಇವರನ್ನು ನಾನು ನಂಬಿದ್ದೆ. ನನಗೆ ಅಪ್ಪನ ನೆನಪಿಲ್ಲ. ಹೆಚ್ಚು ಹೇಳುವುದು ಬೇಡ.

ಐವತ್ತರಲ್ಲಿ ನಮ್ಮ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯಲು ಸಭೆ ಕರೆದರು. ಥಾರ್ನ್ ಅವರು ಈ ಕೌಂಟಿಯಿಂದ ಚುನಾವಣೆಗೆ ನಿಂತರು. ತಂಬಾಕಿನ ಉಗ್ರಾಣದ ಅಂಗಳದಲ್ಲಿ ಎದುರಾಳಿ ವಕೀಲರಿಗೂ ಅವರಿಗೂ ನಡೆದ ವಾದ ನಿಮ್ಮಲ್ಲಿ ತುಂಬ ಜನಕ್ಕೆ ನೆನಪಿರಬೇಕು. ಪೀಪಾಯಿಯ ಮೇಲೆ ಕುಳಿತಿದ್ದ ಒಬ್ಬ ಕೂಗಿದ — "ಗುಲಾಮರನ್ನ ಬಿಡಿಸ್ತೀಯ, ಸರಿ ಕಣಯ್ಯಾ. ಬಿಡಿಸಿದ ಮೇಲೆ ನಿನ್ನ ಪಕ್ಕದಲ್ಲಿ ಇಟ್ಕೋತೀಯಾ?" ಥಾರ್ನ್ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಇಟ್ಕೊಂಡೇ ಇದ್ದೀನಲ್ಲಪ್ಪಾ, ಆರು ವರ್ಷದಿಂದ. ನನ್ನ ಕಾಗುಣಿತ ತಿದ್ದೋನು ಇವನೇ. ನಿನ್ನದನ್ನ ಯಾರು ತಿದ್ದುತಾರೆ?"

ಅಂಗಳವೆಲ್ಲ ನಕ್ಕಿತು. ನೀವು ನಕ್ಕಿರಿ. ನಾನೂ ನಕ್ಕೆ. ಅವರು ಗೆದ್ದರು.

ರಾಜಧಾನಿಯಲ್ಲಿ ಚಳಿಗಾಲವಿಡೀ ಸಭೆ ನಡೆಯಿತು. ಅಲ್ಲಿ ಹದಿಮೂರನೆಯ ವಿಧಿ ಎಂಬುದೊಂದು ಬಂತು. ಈ ರಾಜ್ಯದೊಳಕ್ಕೆ ಇನ್ನು ಮುಂದೆ ಯಾವ ಕರಿಯನೂ ಬರಕೂಡದು, ಬಂದು ನೆಲೆಸಕೂಡದು, ಅಂಥವರಿಗೆ ಕೆಲಸ ಕೊಟ್ಟವರಿಗೆ ದಂಡ — ಇಷ್ಟು ಅದರ ಸಾರ. ಅದನ್ನು ತಂದವರೆಲ್ಲ ಗುಲಾಮಗಿರಿಯ ಪರ ಇದ್ದವರೇನಲ್ಲ. ಅರ್ಧಕ್ಕರ್ಧ ಜನ ಗುಲಾಮಗಿರಿ ಪಾಪ ಎನ್ನುವವರೇ. ಪಾಪ ಆ ದಡದಲ್ಲಿರಲಿ, ಅದರಿಂದ ಬಿಡಿಸಿಕೊಂಡು ಬಂದವರು ಮಾತ್ರ ಈ ದಡಕ್ಕೆ ಬೇಡ — ಇದು ಅವರ ವಾದ.

ಥಾರ್ನ್ ಅವರು ಅದರ ವಿರುದ್ಧ ಒಂದು ಗಂಟೆ ಮಾತನಾಡಿದರು. ಆ ಭಾಷಣ ಅಂಚೆಯಲ್ಲಿ ಬಂದಾಗ ನಾನು ಒಂದು ವಿಶೇಷಣವನ್ನೂ ತೆಗೆಯಲಿಲ್ಲ. ಅದರ ಒಂದು ಮಾತು ನನಗೆ ಬಾಯಿಪಾಠ — 'ಆ ದಡದ ಕಾನೂನು ಹೊರಗೆ ನಡೆ ಎಂದು, ಈ ದಡದ ಕಾನೂನು ಒಳಗೆ ಬರಬೇಡ ಎಂದರೆ, ಬಿಡುಗಡೆಯಾದ ಮನುಷ್ಯನಿಗೆ ನಿಲ್ಲಲು ಉಳಿಯುವುದು ನದಿಯ ನೀರು ಮಾತ್ರ.' ಅದನ್ನು ಮೊದಲ ಪುಟದಲ್ಲಿ ದೊಡ್ಡ ಮೊಳೆಯಲ್ಲಿ ಹಾಕಿದೆ. ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿಯ ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ಕೇಳಿ, ಇನ್ನೊಮ್ಮೆ ಓದು ಎಂದಳು.

ಆಮೇಲೆ ಮತದಾನ ನಡೆಯಿತು. ಯಾರು ಪರ, ಯಾರು ವಿರುದ್ಧ ಎಂಬ ಪಟ್ಟಿ ಬಂತು. ಥಾರ್ನ್ ಅವರದೇ ಕೈಬರಹ. ಜೊತೆಗೆ ಕಾಗದ ಇರಲಿಲ್ಲ, ಒಂದು ಸಾಲು ಕೂಡ. ನಾನು ಮೊಳೆ ಜೋಡಿಸುತ್ತಾ ಬಂದೆ. 'ಪರ' ಎಂಬುದರ ಕೆಳಗೆ ಹೆಸರಿನ ಮೇಲೆ ಹೆಸರು. ಕೊನೆಯ ಹತ್ತಿರ ಬಂದಾಗ — ಥಾರ್ನ್.

ನಾನು ನಕ್ಕೆ. ದೇವರಾಣೆ, ನಕ್ಕೆ. ಪಾಪ, ಚಳಿಗೆ ಕೈ ಮರಗಟ್ಟಿರಬೇಕು, ತಪ್ಪು ಕಡೆ ಬರೆದಿದ್ದಾರೆ ಅಂದುಕೊಂಡೆ. ಅವರ ಎಷ್ಟೋ ತಪ್ಪುಗಳನ್ನು ಕೇಳದೆಯೇ ತಿದ್ದಿದ್ದವನು. ಇದನ್ನೂ ತಿದ್ದಿದೆ. ಆ ಹೆಸರನ್ನು ಎತ್ತಿ 'ವಿರುದ್ಧ' ಎಂಬುದರ ಕೆಳಗಿಟ್ಟೆ. ಪತ್ರಿಕೆ ಅಚ್ಚಾಗಿ ಊರೂರಿಗೆ ಹೋಯಿತು.

ಶನಿವಾರ ಅವರು ಬಂದರು. ಕೋಟು ಬಿಚ್ಚಲಿಲ್ಲ. ಒಲೆಯ ಪಕ್ಕ ನಿಂತು ಪತ್ರಿಕೆ ಓದಿದರು. ತುಂಬ ಹೊತ್ತು ಓದಿದರು.

"ಎನೋಸ್, ತಪ್ಪಾಗಿ ಅಚ್ಚಾಗಿದೆ."

"ನೀವು ತಪ್ಪು ಬರೆದಿದ್ರಿ, ನಾನು ಸರಿ ಮಾಡ್ದೆ" ಎಂದೆ.

"ನಾನು ಸರಿಯಾಗೇ ಬರೆದಿದ್ದೆ."

ನಾನು ಅವರ ಎಡಗಡೆ ನಿಂತಿದ್ದೇನೇನೋ, ನನ್ನ ಮಾತು ಅವರಿಗೆ ಕೇಳಿಸಲಿಲ್ಲವೇನೋ ಎಂದು ನೋಡಿಕೊಂಡೆ. ಬಲಗಡೆಗೇ ನಿಂತಿದ್ದೆ.

ಆಮೇಲೆ ಕಾರಣಗಳನ್ನು ಹೇಳಿದರು. ಆ ವಿಧಿ ಹೇಗಿದ್ದರೂ ಗೆಲ್ಲುತ್ತಿತ್ತು, ತಮ್ಮ ಒಂದು ಮತದಿಂದ ಏನೂ ಆಗುತ್ತಿರಲಿಲ್ಲ ಎಂದರು. ನದಿದಡದ ಕೌಂಟಿಗಳ ಮುಖಂಡರು ಕೋಣೆಗೆ ಕರೆದು ಕೂರಿಸಿ, ಇದಕ್ಕೊಂದು ಒಪ್ಪಿಗೆ ಕೊಟ್ಟರೆ ಮುಂದೆ ವಾಷಿಂಗ್ಟನ್ನಿನ ಶಾಸನಸಭೆಗೆ ನಿನ್ನನ್ನೇ ನಿಲ್ಲಿಸುತ್ತೇವೆ ಎಂದಿದ್ದರಂತೆ. ಅಲ್ಲಿಗೆ ಹೋದರೆ ಪಶ್ಚಿಮದ ಹೊಸ ನೆಲಗಳಿಗೆ ಗುಲಾಮಗಿರಿ ಕಾಲಿಡದಂತೆ ತಡೆಯಬಹುದು, ದೊಡ್ಡ ಜಗಳ ಇರುವುದು ಅಲ್ಲಿ ಎಂದರು. ನಿನಗೇನೂ ತೊಂದರೆಯಿಲ್ಲ, ಮೊದಲೇ ಇಲ್ಲಿರುವವರು ಕಚೇರಿಗೆ ಹೋಗಿ ಹೆಸರು ಬರೆಸಿದರೆ ಸಾಕು, ನಾನೇ ಸಾಕ್ಷಿ ಹಾಕುತ್ತೇನೆ ಎಂದರು. ಹಾಕಿದರು ಕೂಡ. ಕಚೇರಿಯ ದಾಖಲೆ ಪುಸ್ತಕದ ಎಪ್ಪತ್ತೊಂಬತ್ತನೆಯ ಪುಟ. ಎತ್ತರ, ಮೈಬಣ್ಣ, ಗಾಯದ ಗುರುತು, ಕೆಳಗೆ ಅವರ ರುಜು.

ಮುಂದಿನ ವಾರ ತಿದ್ದುಪಡಿ ಅಚ್ಚಾಯಿತು. 'ಕಳೆದ ಸಂಚಿಕೆಯಲ್ಲಿ ಶ್ರೀ ಥಾರ್ನ್ ಅವರ ಹೆಸರು ಕಣ್ತಪ್ಪಿನಿಂದ...' ಅದನ್ನು ಜೋಡಿಸಿದವನು ನಾನೇ. ಬೇರೆ ಯಾರಿದ್ದರು?

ಯಾಕೆ ಬಿಟ್ಟುಹೋಗಲಿಲ್ಲ ಎಂದು ಅಟ್ಟದ ಮೇಲಿರುವ ಕೆಲವರು ಅಂದಿನಿಂದ ಕೇಳುತ್ತಿದ್ದೀರಿ. ಅಕ್ಕ ಎದುರು ದಡದಲ್ಲಿದ್ದಳು. ನಾನು ಎಲ್ಲಿಗೆ ಹೋಗಲಿ?

ಐವತ್ತನಾಲ್ಕರ ಜುಲೈ ಆರಂಭದಲ್ಲಿ ಅಕ್ಕನ ಒಡತಿ ತೀರಿಕೊಂಡಳು. ಉಯಿಲಿನಲ್ಲಿ ಕೆಜಾಯಾಳನ್ನು ಬಿಡುಗಡೆ ಮಾಡಿದ್ದಳು. ಕೆಂಟಕಿಯಲ್ಲೂ ಅಷ್ಟರಲ್ಲಿ ಹೊಸ ಕಾನೂನು ಬಂದಿತ್ತು — ಬಿಡುಗಡೆಯಾದವರು ರಾಜ್ಯ ಬಿಟ್ಟು ಹೋಗಬೇಕು. ಉಯಿಲಿನ ಪ್ರಕಾರ ತೊಂಬತ್ತು ದಿನ. ಸೆಪ್ಟೆಂಬರ್ ಮೂವತ್ತಕ್ಕೆ ಗಡುವು. ಆಮೇಲೆ ಅವಳು ಒಡತಿಯ ಸೋದರಳಿಯನ ಸೊತ್ತು.

ಅವಳಿಗೆ ಐವತ್ತು ವರ್ಷ. ಎಡಗಾಲು ಕುಂಟು. ಎದುರು ದಡದ ಒಬ್ಬ ಜರ್ಮನ್ ಮೀನುಗಾರನ ಗುಡಿಸಲಿಗೆ ಬಂದು ಕುಳಿತಳು. ನಮ್ಮ ಅಚ್ಚುಮನೆಯ ಕಿಟಕಿಯಿಂದ ನೋಡಿದರೆ ಆ ಗುಡಿಸಲಿನ ಹೊಗೆ ಕಾಣುತ್ತಿತ್ತು. ನಾನು ಅವಳನ್ನು ಸಿನ್ಸಿನಾಟಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅದಿರುವ ಪಕ್ಕದ ಓಹಾಯೋ ರಾಜ್ಯದಲ್ಲಿ ಇಂಥ ಕಾನೂನಿಲ್ಲ. ಬಟ್ಟೆಬರೆ ಕಟ್ಟಿಟ್ಟಿದ್ದೆ. ಇದೆಲ್ಲ ಆಗಸ್ಟ್‌ನಲ್ಲಿ.

ಆ ವರ್ಷವೇ ಮುಖಂಡರು ಕೊನೆಗೂ ಥಾರ್ನ್ ಅವರನ್ನು ವಾಷಿಂಗ್ಟನ್ನಿನ ಶಾಸನಸಭೆಗೆ ನಿಲ್ಲಿಸಿದ್ದರು. ಕಾನ್ಸಾಸಿನ ನೆಲಕ್ಕೆ ಗುಲಾಮಗಿರಿ ಹೋಗಬಹುದೇ ಬೇಡವೇ ಎಂದು ದೇಶವೆಲ್ಲ ಕಿತ್ತಾಡುತ್ತಿದ್ದ ಕಾಲ. ಊರಿಗೊಂದು ವಾದ, ದಿನಕ್ಕೊಂದು ಭಾಷಣ. ಪತ್ರಿಕೆ ವಾರಕ್ಕೆ ಮೂರು ಸಲ ಬರಬೇಕಾಯಿತು. ಅವರು ನನ್ನ ಕೈ ಹಿಡಿದುಕೊಂಡರು. ಅಕ್ಷರಶಃ — ಎರಡೂ ಕೈ, ಹೀಗೆ. "ನೀನು ಹೋದ್ರೆ ಪತ್ರಿಕೆ ನಿಂತ್ಹೋಗುತ್ತೆ ಎನೋಸ್. ಅಕ್ಟೋಬರ್ ಹತ್ತಕ್ಕೆ ಚುನಾವಣೆ. ಹನ್ನೊಂದನೇ ತಾರೀಕು ನಾನೇ ದೋಣಿ ತಗೊಂಡು ಹೋಗಿ ನಿನ್ನಕ್ಕನ್ನ ಕರ್ಕೊಂಡು ಬಂದು ನನ್ನ ಮನೇಲಿ ಇಟ್ಕೋತೀನಿ. ದಂಡ ಹಾಕಿದ್ರೆ ಹಾಕ್ಲಿ."

ನಾನು ಗಡುವಿನ ಮಾತೆತ್ತಿದೆ. "ಹತ್ತು ದಿನಕ್ಕೆ ಯಾರೂ ಬಾಗಿಲು ತಟ್ಟಲ್ಲ. ಆ ಸೋದರಳಿಯನ ವಕೀಲರು ನನಗೆ ಗೊತ್ತಿರೋರು, ಮರ್ಯಾದಸ್ಥರು. ನಾನೊಂದು ಕಾಗದ ಬರೀತೀನಿ" ಎಂದರು.

ನಾನು ನಂಬಿದೆ. ಎರಡನೆಯ ಸಲ ನಂಬಿದೆ. ಇದರಲ್ಲಿ ನನ್ನ ಪಾಲನ್ನು ನಾನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಹೊಗೆ ಕಾಣುತ್ತಿತ್ತು. ಕಿಟಕಿಯಿಂದ ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ನೋಡುತ್ತಾ ಕಾನ್ಸಾಸಿನ ಸ್ವಾತಂತ್ರ್ಯದ ಬಗ್ಗೆ ಮೊಳೆ ಜೋಡಿಸುತ್ತಿದ್ದೆ.

ಅಕ್ಟೋಬರ್ ಎರಡು, ಸೋಮವಾರ, ಬೆಳಗ್ಗೆ ಹೊಗೆ ಇರಲಿಲ್ಲ.

ಮಧ್ಯಾಹ್ನ ಆ ಮೀನುಗಾರ ದೋಣಿ ಹಾಕಿಕೊಂಡು ಬಂದ. ಆ ಕೌಂಟಿಯ ಪೊಲೀಸ್ ಅಧಿಕಾರಿ ಷರೀಫ ಮತ್ತು ಆ ಸೋದರಳಿಯ ಗಾಡಿ ತಂದಿದ್ದರು ಎಂದ. ಅಕ್ಕ ಜಗಳವಾಡಲಿಲ್ಲವಂತೆ. ಶಾಲು ಹೊದ್ದುಕೊಳ್ಳಲು ಬಿಡಿ ಎಂದಳಂತೆ, ಅಷ್ಟೇ. ಇಲ್ಲಿದ್ದಾಳೆಂದು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವನು ಹೇಳಿದ — "ಷರೀಫನ ಕೈಲಿ ಒಂದು ಕಾಗದ ಇತ್ತಪ್ಪಾ. ಜೋರಾಗಿ ಓದ್ದ. ಯಾರೋ ದೊಡ್ಡ ಮನುಷ್ಯ, ಬಲು ವಿನಯವಾಗಿ ಬರೆದಿದ್ದ. ಹೆಂಗಸು ನದಿ ಪಕ್ಕದ ಗುಡಿಸಲಲ್ಲಿ ಇದ್ದಾಳೆ, ಹತ್ತು ದಿನದ ಸೌಜನ್ಯ ತೋರಿಸಿ ಅಂತ. ಅಕ್ಷರ ಓದೋಕೆ ಅವನು ಕಾಗದಾನ ಹಂಗೂ ಹಿಂಗೂ ತಿರುಗಿಸ್ತಿದ್ದ."

— ಕ್ಷಮಿಸಿ. ಒಂದು ನಿಮಿಷ.

ಥಾರ್ನ್ ಅವರು ಕೆಟ್ಟದ್ದು ಮಾಡಬೇಕೆಂದು ಆ ಕಾಗದ ಬರೆಯಲಿಲ್ಲ. ಅದು ನನಗೆ ಗೊತ್ತು. ಅಕ್ಕನ ಪಾಲಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಅವಳನ್ನು ದೋಣಿ ಹತ್ತಿಸಿ, ಮಾರಲೆಂದು ದಕ್ಷಿಣಕ್ಕೆ ಕಳಿಸಿದರು. ಎಂಟು ದಿನಕ್ಕೆ ಚುನಾವಣೆ ಬಂತು. ಥಾರ್ನ್ ಅವರು ಸೋತರು. ಯಾರು ಮಾತು ಕೊಟ್ಟು ನಿಲ್ಲಿಸಿದ್ದರೋ ಆ ಮುಖಂಡರ ಕೌಂಟಿಗಳಲ್ಲೇ ಸೋತರು. ಅವರಿಗೂ ಕೈಕೊಟ್ಟಿದ್ದರು.

ಮುಂದಿನದು ಈ ಊರಿಗೆ ಗೊತ್ತಿಲ್ಲ. ಐವತ್ತೈದರ ಜನವರಿಯಲ್ಲಿ ಅವರು ಏಳು ವಾರ ಊರಲ್ಲಿರಲಿಲ್ಲ. ಬೆಚ್ಚಗಿನ ಹವೆಗೆಂದು ಹೋಗಿದ್ದಾರೆ ಎಂದು ನೀವೆಲ್ಲ ಅಂದುಕೊಂಡಿರಿ. ಅವರು ವಿಕ್ಸ್‌ಬರ್ಗಿಗೆ, ನ್ಯಾಚೆಜಿಗೆ, ಅಲ್ಲಿಂದ ನ್ಯೂ ಆರ್ಲಿಯನ್ಸಿಗೆ ಹೋಗಿದ್ದರು. ಮನುಷ್ಯರನ್ನು ಮಾರುವ ಅಂಗಳಗಳಲ್ಲಿ, ಕುಂಟುವ ಹೆಂಗಸು, ಕೆಜಾಯಾ ಅಂತ, ನೋಡಿದ್ದೀರಾ ಎಂದು ಕೇಳುತ್ತಾ ತಿರುಗಿದ್ದರು. ನ್ಯಾಚೆಜಿನಲ್ಲಿ ಒಬ್ಬ ದಲ್ಲಾಳಿಗೆ ನೆನಪಿತ್ತಂತೆ. ಅಡಿಗೆಗೆಂದು ಯಾರೋ ಕೊಂಡರು, ಹೆಸರು ಮರೆತೆ ಎಂದನಂತೆ. ಅಲ್ಲಿಗೆ ಜಾಡು ನಿಂತಿತು. ಎದೆಯಲ್ಲಿ ಕೆಮ್ಮು ಇಟ್ಟುಕೊಂಡು ವಾಪಸು ಬಂದರು. ಅದೇ ಕೆಮ್ಮು ಎರಡು ವರ್ಷ ಅವರನ್ನು ತಿಂದು ಕಳೆದ ಗುರುವಾರ ಮುಗಿಸಿತು.

ಬಂದವರೇ ನೇರ ಅಚ್ಚುಮನೆಗೆ ಬಂದು ಇದೆಲ್ಲ ಹೇಳಿದರು. ನಾನು ತಲೆಯೆತ್ತಲಿಲ್ಲ. ಮೊಳೆ ಜೋಡಿಸುತ್ತಲೇ ಇದ್ದೆ. ಅಂದಿನಿಂದ ಪತ್ರಿಕೆಯ ಕೊನೆಯ ಪುಟದ ಕೆಳಗೆ ನಾಲ್ಕು ಸಾಲು ಬರುತ್ತಿದೆ — 'ಕೆಜಾಯಾ, ವಯಸ್ಸು ಸುಮಾರು ಐವತ್ತು, ಎಡಗಾಲು ಕುಂಟು, ಬಲ್ಲವರು ಎನೋಸ್ ಪೆಟಿಫೋರ್ಡನಿಗೆ ತಿಳಿಸಿ.' ನೀವದನ್ನು ಕುದುರೆ ಮಾರಾಟದ ಜಾಹೀರಾತುಗಳ ಜೊತೆಗೆ ದಾಟಿಕೊಂಡು ಹೋಗಿದ್ದೀರಿ. ಜಾಗ ಸಾಲದಾಗ ಥಾರ್ನ್ ಅವರು ತಮ್ಮ ಲೇಖನವನ್ನು ಕತ್ತರಿಸುತ್ತಿದ್ದರು. ಆ ನಾಲ್ಕು ಸಾಲನ್ನು ಒಂದು ವಾರವೂ ತೆಗೆಯಲಿಲ್ಲ.

ಇದನ್ನೂ ಹೇಳಬೇಕು, ಅದನ್ನೂ ಹೇಳಬೇಕು. ಎರಡೂ ನಡೆದದ್ದೇ.

ಸಾಯುವ ಹಿಂದಿನ ದಿನ ಕರೆಸಿದರು. ನಾನು ಹಾಸಿಗೆಯ ಬಲಕ್ಕೆ ಕುಳಿತೆ.

"ಆ ಪಟ್ಟಿ ಜ್ಞಾಪಕ ಇದೆಯೇನೋ?" ಎಂದರು.

"ಇದೆ."

"ಮೊದಲು ನೀನು ಅಚ್ಚು ಹಾಕಿದ್ಯಲ್ಲ, ಅದೇ ಸರಿ ಇತ್ತು."

ಅವರಿಗೆ ಏನು ಬೇಕಿತ್ತು ಎಂದು ನನಗೆ ಅರ್ಥವಾಯಿತು. ಹೌದು ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು — "ಇಲ್ಲ ಥಾರ್ನ್ ಅವರೇ. ಅದು ತಪ್ಪಾಗಿತ್ತು. ನೀವು ತಿದ್ದಿಸಿದ್ದೇ ಸರಿ."

ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು. ಇನ್ನೊಂದು ಮಾತು ಹೇಳಬಹುದಿತ್ತು. ನನ್ನ ಬಾಯಿಗೆ ಬರಲಿಲ್ಲ. ಇವತ್ತೂ ಬರುತ್ತಿಲ್ಲ. ಶ್ರೀಮತಿ ಥಾರ್ನ್ ಅವರೇ, ಕ್ಷಮಿಸಿದೆ ಎಂದು ಈ ಸಭೆಯಲ್ಲಿ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು, ನೀವು ಸುಳ್ಳಿಗಾಗಿ ನನ್ನನ್ನು ಕರೆಯಲಿಲ್ಲ.

ಮುಗಿಸುತ್ತೇನೆ. ನಿಮಗೊಂದು ಮಾತಿದೆ.

ಆ ಹದಿಮೂರನೆಯ ವಿಧಿ ರಾಜಧಾನಿಯಲ್ಲೇ ಮುಗಿಯಲಿಲ್ಲ. ಐವತ್ತೊಂದರ ಆಗಸ್ಟಿನಲ್ಲಿ ಅದನ್ನು ಜನರ ಮುಂದೆ ಇಟ್ಟರು — ಬೇಕೋ, ಬೇಡವೋ ಎಂದು. ಈ ಕೌಂಟಿಯಲ್ಲಿ ಬೇಡ ಎಂದವರು ಅರವತ್ತಮೂರು ಜನ. ಆ ಸಂಖ್ಯೆಯನ್ನೂ ನಾನೇ ಜೋಡಿಸಿದ್ದು. ಥಾರ್ನ್ ಅವರು ತೀರಿಕೊಂಡ ಮೇಲೆ ಈ ಒಂದು ವಾರದಲ್ಲಿ ನನ್ನ ಕೈ ಕುಲುಕಿ, "ನಾನು ಅವತ್ತು ವಿರುದ್ಧ ಹಾಕಿದ್ದೆ ಎನೋಸ್" ಎಂದವರು ನೂರಕ್ಕೂ ಹೆಚ್ಚು. ಥಾರ್ನ್ ಅವರ ಹೆಸರಾದರೂ ಪಟ್ಟಿಯಲ್ಲಿತ್ತು. ಅದನ್ನು ಅವರು ಅಚ್ಚು ಹಾಕಿಸಿದರು, ಅದರ ಕೆಳಗೆ ಬದುಕಿದರು. ನಿಮ್ಮ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನಿಮ್ಮ ಮತ ನಿಮಗೊಬ್ಬರಿಗೇ ಗೊತ್ತು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೆಳಗಿರುವವರು ನಿಲ್ಲಿ, ಅಟ್ಟದವರು ಆಗಲೇ ನಿಂತಿದ್ದೀರಿ. ಎರಡು ನಿಮಿಷ ಯಾರೂ ಮಾತನಾಡುವುದು ಬೇಡ. ಎಲ್ಕಾನಾ ಥಾರ್ನ್ ಅವರಿಗಾಗಿ ಒಂದು ನಿಮಿಷ. ಇನ್ನೊಂದು ನಿಮಿಷ ಕೆಜಾಯಾಳಿಗಾಗಿ — ಸತ್ತಿದ್ದಾಳೋ ಬದುಕಿದ್ದಾಳೋ ನನಗೆ ತಿಳಿಯದು, ಹಾಗಾಗಿ ಆ ನಿಮಿಷದಲ್ಲಿ ಯಾರೂ ಅವಳ ಆತ್ಮಕ್ಕೆ ಶಾಂತಿ ಕೋರಬೇಡಿ. ನಾನು ನಾಳೆ ಬೆಳಗಿನ ದೋಣಿಗೆ ನ್ಯಾಚೆಜಿಗೆ ಹೊರಟಿದ್ದೇನೆ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲು ನಿಮ್ಮ ಕಾನೂನು ನನ್ನನ್ನು ಬಿಡುತ್ತದೋ ಇಲ್ಲವೋ, ಅದನ್ನು ನಿಂತಿರುವಷ್ಟು ಹೊತ್ತು ಯೋಚಿಸಿ.